ಪಟ್ಟೇವಾಲಾ ಖಂಡಪ್ಪನ ಪುಕಾರು

ಅಕ್ಕಲಕೋಟದ ಮಾಮಲೇದಾರ ಕಚೇರಿಯ ಬಾಗಿಲಲ್ಲಿ ನಿಂತು ಖಂಡಪ್ಪ ಒಂದು ಹೆಸರು ಕೂಗಿದನೆಂದರೆ, ಆ ಹೆಸರಿನವನು ಎದ್ದು ನಿಲ್ಲುವುದು ಹಾಗಿರಲಿ, ಅವನ ಎದುರಾಳಿ, ಎದುರಾಳಿಯ ವಕೀಲ, ಅಂಗಳದ ಬೇವಿನ ಮರಕ್ಕೆ ಕಟ್ಟಿದ ಇಬ್ಬರ ಎತ್ತುಗಳು ಕೂಡ ಎದ್ದು ನಿಲ್ಲುತ್ತಿದ್ದವು. ಕಚೇರಿಯ ಪದ್ಧತಿಯಂತೆ ಒಬ್ಬೊಬ್ಬರನ್ನು ಮೂರು ಸಲ ಕೂಗಬೇಕು. ಅದಕ್ಕೆ ಪುಕಾರು ಎನ್ನುತ್ತಾರೆ. ಖಂಡಪ್ಪನ ಮೊದಲ ಪುಕಾರು ಅಂಗಳಕ್ಕೆ, ಎರಡನೆಯದು ರಸ್ತೆಯಾಚೆಯ ಚಹದ ಅಂಗಡಿಗೆ. ಮೂರನೆಯದು ಎಲ್ಲಿಗೆ ಎಂದು ಕೇಳಿದರೆ, "ಮ್ಯಾಲಿನವಗರಿ. ನಾಳೆ ಅಂವಾ ನನಗ ಕೇಳಿಸಲಿಲ್ಲಪಾ ಅನಬಾರದು" ಎನ್ನುತ್ತಿದ್ದ.

ಹನ್ನೂರಿನ ಕುರಿಯವರ ಮನೆತನ. ಅವನ ತಮ್ಮ ಭೀಮಣ್ಣ ಕುರಿ ಹಿಂದೆ ಹೋದ, ಇವನು ಸರಕಾರದ ಹಿಂದೆ ಹೋದ. ಮೂರು ಹೊಲದಾಚೆ ಮೇಯುವ ಟಗರನ್ನು ಕರೆಯುವ ಕೊರಳನ್ನು ಮಾತ್ರ ಜೊತೆಗೇ ಒಯ್ದ. ಹರೆಯದಲ್ಲಿ ಅಕ್ಕಲಕೋಟ ಸಂಸ್ಥಾನದ ನೌಕರಿಗೆ ಸೇರಿ, ಎದೆಯ ಮೇಲೆ ಓರೆಯಾಗಿ ಇಳಿದು ಸೊಂಟ ಸುತ್ತುವ ಅಗಲವಾದ ಕೆಂಪು ಪಟ್ಟಾ ತೊಟ್ಟ. ಪಟ್ಟಾದ ಮೇಲೆ ಹಿತ್ತಾಳೆಯ ಬಿಲ್ಲೆ. ಅದನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅಕ್ಷರಗಳೇ ಅಳಿಸಿಹೋಗಿದ್ದವು. ೧೯೪೮ರಲ್ಲಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಕೂಡಿಕೊಂಡಿತು. ರಾಜರ ಪಟ್ಟ ಹೋಯಿತು, ಖಂಡಪ್ಪನ ಪಟ್ಟಾ ಉಳಿಯಿತು.

ಕೆಡಿಸಿದ್ದು ಅವನ ಹೊಟ್ಟೆ. ೧೯೫೪ರ ಬೇಸಿಗೆಯಲ್ಲಿ ಕಾಲು ಬಾತವು. ಆಮೇಲೆ ಹೊಟ್ಟೆ ಬಿರಿಯತೊಡಗಿತು. ತೋಳು ಕಡ್ಡಿಯಾದವು, ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿದವು. ಊರಿನ ಬಾವಿಗಳೆಲ್ಲ ತಳ ಕಂಡ ವರ್ಷ, ಖಂಡಪ್ಪನ ಹೊಟ್ಟೆಯೊಂದೇ ತುಂಬಿದ ಕೆರೆ. ಡಾಕ್ಟರು ಸೂಜಿ ಚುಚ್ಚಿ ನೀರು ತೆಗೆದರೆ ಮುಂದಿನ ಅಮಾವಾಸ್ಯೆಯೊಳಗೆ ಮತ್ತೆ ಕೋಡಿ ಬೀಳುವಷ್ಟಾಗುತ್ತಿತ್ತು. ಎಲ್ಲ ಯಕೃತ್ತಿನ ಕೃತ್ಯ, ಅದು ಕಲ್ಲಾಗಿದೆ, ಇನ್ನು ಮೆತ್ತಗಾಗುವುದಿಲ್ಲ, ನಿಂತು ಮಾಡುವ ನೌಕರಿ ಸಾಕು ಎಂದರು.

"ಲಿವರ್ ಅಂತ ಒಂದ ನನ್ನೊಳಗ ಐತಿ ಅನ್ನೂದ ಗೊತ್ತಿರಲಿಲ್ಲರಿ" ಎಂದ ಖಂಡಪ್ಪ. "ಪಾಪ, ಅದೂ ಇಷ್ಟ ವರ್ಷ ರಜಾ ಹಾಕಲಾರದ ನೌಕರಿ ಮಾಡ್ಯದ."

ಖಂಡಪ್ಪನಿಗೆ ಇದ್ದ ರಜೆಯೆಲ್ಲ ಮುಗಿಯುತ್ತ ಬಂದಿತ್ತು. ರಜೆ ಮುಗಿದ ಮೇಲೆ ಕೆಲಸಕ್ಕೆ ಹೋಗದಿದ್ದರೆ ನೌಕರಿಯೂ ಇಲ್ಲ, ಏನೂ ಇಲ್ಲ. ಉಳಿದ ದಾರಿ ಒಂದೇ. ಕಾಯಿಲೆಯಿಂದ ಕೆಲಸಕ್ಕೆ ಬಾರದವರಿಗೆ ಸರಕಾರ ಕೊಡುವ ಪೆನ್ಶನ್. ಅದಕ್ಕೆ ಇಂಗ್ಲಿಷಿನಲ್ಲಿ ಇನ್‌ವ್ಯಾಲಿಡ್, ಅಂದರೆ ರೋಗಿಷ್ಠ, ಪೆನ್ಶನ್ ಎಂದು ಹೆಸರು. ಕೇಳಿದವರಿಗೆ ಕಾಯಿಲೆ ಬಿದ್ದದ್ದು ಪೆನ್ಶನ್ನಿಗೇ ಏನೋ ಅನ್ನಿಸಬೇಕು. ಸೊಲ್ಲಾಪುರದ ಸರಕಾರಿ ದವಾಖಾನೆಯಲ್ಲಿ ಡಾಕ್ಟರರ ಬೋರ್ಡು ಕೂಡುತ್ತದೆ. ಆ ಬೋರ್ಡು ನೋಡಿ, ಒತ್ತಿ, ಇವನಿಂದ ಇನ್ನು ಕೆಲಸವಾಗದು ಎಂದು ಬರೆದುಕೊಡಬೇಕು. ಹೊಟ್ಟೆಪಾಡಿಗಾಗಿ ಹೊಟ್ಟೆಯ ಪಾಡನ್ನು ತೋರಿಸಬೇಕು.

ಅದಕ್ಕೊಂದು ಕೊಕ್ಕೆ ಇತ್ತು. ಕಾಯಿಲೆ ಕುಡಿತದಿಂದ ಬಂದದ್ದಾದರೆ ಪೆನ್ಶನ್ ಇಲ್ಲ. ಆಗ ಮುಂಬಯಿ ರಾಜ್ಯದಲ್ಲಿ ದಾರೂಬಂದಿ, ಅಂದರೆ ಪಾನನಿಷೇಧ. ಲಿವರ್ ಕೆಟ್ಟಿದೆ ಎಂದರೆ ಎದುರಿಗಿದ್ದವರು ಮೊದಲು ಮೂಗು ಮುಂದೆ ಮಾಡಿ ವಾಸನೆ ನೋಡುತ್ತಿದ್ದರು. ಸಾಲದ್ದಕ್ಕೆ, ಜಪ್ತಿ ಮಾಡಿದ ಬಾಟಲಿಗಳನ್ನು ಇಡುವ ಕಚೇರಿಯ ಕೋಣೆಗೆ ಕಾವಲಿದ್ದವನು ನಮ್ಮ ಖಂಡಪ್ಪನೇ. ಊರಿನ ಕಟ್ಟೆಯ ಮೇಲೆ ಇನ್ನೊಂದು ಬಗೆಯ ಪುಕಾರು ಎದ್ದಿತು.

"ಬೆಕ್ಕಿಗೆ ಹಾಲಿನ ಕಾವಲಾ ಕೊಟ್ಟಿದ್ರಲ್ಲೋ!"

"ಸರಕಾರ ಜಪ್ತಿ ಮಾಡಿದ್ದ ಇವನ ಹೊಟ್ಟ್ಯಾಗ ಜಮಾ ಆಗ್ಯಾದ ನೋಡ್ರಿ."

ಖಂಡಪ್ಪ ಕುರಿ ತಿನ್ನುತ್ತಿದ್ದ, ಕುಡಿಯುತ್ತಿರಲಿಲ್ಲ. ಕುಡಿಯುವುದಿಲ್ಲವೆಂದು ಬೀರೋಬನ ಗುಡಿಯಲ್ಲಿ ಭಂಡಾರ ಮುಟ್ಟಿ ಆಣೆ ಮಾಡಿದ್ದ. ಬೀರೋಬ, ಮೈಲಾರ, ಜೇಜೂರಿಯ ಖಂಡೋಬ, ಈ ದೇವರುಗಳ ಒಕ್ಕಲಿಗೆ ಗುಡಿಯ ಅರಿಶಿನದ ಪುಡಿಯೇ ಭಂಡಾರ. ಅದನ್ನು ಕೈಯಲ್ಲಿ ಎತ್ತಿ ಸುಳ್ಳಾಡಿದವನು ಆ ಜನರಲ್ಲಿ ನಾನು ಕೇಳಿದ ಮಟ್ಟಿಗೆ ಇಲ್ಲ. ಆದರೆ ಬೋರ್ಡಿನ ಡಾಕ್ಟರರು ಯಾವ ದೇವರ ಒಕ್ಕಲೋ ಯಾರಿಗೆ ಗೊತ್ತು.

ಅರ್ಜಿ ಬರೆಸಲು ಗಂಡಹೆಂಡಿರು ಸೊಲ್ಲಾಪುರದ ನಮ್ಮ ಮನೆಗೆ ಬಂದರು. ನಮ್ಮ ಅಪ್ಪ ಶಂಕರೆಪ್ಪ ಕಂಬಳಿ ವ್ಯಾಪಾರಿ. ಹನ್ನೂರಿನ ಉಣ್ಣೆಯೆಲ್ಲ ಭೀಮಣ್ಣನ ಮನೆಯಿಂದ ನಮ್ಮ ಅಂಗಡಿಗೇ ಬರುತ್ತಿತ್ತು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ ಇಂಗ್ಲಿಷು ಅಲ್ಲಿಯವರೆಗೆ ಡ್ಯಾಫೊಡಿಲ್ ಹೂವಿನ ವರ್ಣನೆಗಷ್ಟೇ ಬಳಕೆಯಾಗಿತ್ತು. ಮೊದಲ ಸಲ ಅದಕ್ಕೊಂದು ಜಲೋದರ ಸಿಕ್ಕಿತು. ಉತ್ಸಾಹದಿಂದ ಪೆನ್ನು ಬಿಚ್ಚಿದೆ. ಖಂಡಪ್ಪ ಅಂಗಡಿಯಲ್ಲಿ ಅಪ್ಪನ ಜೊತೆ ಕುಳಿತಿದ್ದ. ಒಳಗೆ ಅವನ ಹೆಂಡತಿ ಸುಗಲಾಬಾಯಿ ನನ್ನೆದುರು ಇದ್ದಳು.

"ಕಾಕೂ, ಕಾಕಾನ ಪೂರ್ತಿ ಹೆಸರ ಹೇಳ್ರಿ."

ಸುಗಲಾಬಾಯಿ ಸೆರಗನ್ನು ಹಲ್ಲಲ್ಲಿ ಕಚ್ಚಿದಳು.

"ಅಯ್ಯ ಅಕ್ಕಾರ, ಅವ್ರ ಹೆಸರ ನನ್ನ ಬಾಯಾಗ ಹೆಂಗ ಬರ್ತದರಿ? ಜೇಜೂರಿ ದೇವರ ಹೆಸರ ಅರ್ಧಾ ಬರೀರಿ, ಮುಂದ ಒಂದ ಅಪ್ಪ ಹಚ್ಚರಿ."

ಅವಳದು ಕಟ್ಟಾ ಪದ್ಧತಿ. ಗಂಡನ ಹೆಸರು ಬಿಡಿ, ಅದರ ನೆರಳೂ ನಾಲಗೆಗೆ ತಾಕಬಾರದು. ಊರೆಲ್ಲ ಮಾಂಸಕ್ಕೆ ಖಂಡ ಎಂದರೆ ಇವಳು 'ಕೆಂಪ ಪಲ್ಯಾ' ಎನ್ನುತ್ತಿದ್ದಳು. ಜೋಳ ಒಂದು ಖಂಡುಗ ಆಯಿತು ಎನ್ನಬೇಕಾದಲ್ಲಿ 'ಇಪ್ಪತ್ತ ಕೊಳಗ' ಎನ್ನುತ್ತಿದ್ದಳು. ಲೆಕ್ಕವೂ ತಪ್ಪಲಿಲ್ಲ, ಮರ್ಯಾದೆಯೂ ತಪ್ಪಲಿಲ್ಲ. ಮದುವೆಮನೆಯಲ್ಲಿ ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳುವಾಗ ಕೂಡ ಇವಳು ನೀರು ತರುವ ನೆಪ ಮಾಡಿ ಎದ್ದುಹೋಗುತ್ತಿದ್ದಳಂತೆ.

ಬೋರ್ಡಿನ ದಿನ ಬಂತು. ಹನ್ನೂರಿನಲ್ಲಿ ಅದನ್ನು ಯಾರೂ ಕಾಯಿಲೆಯ ಕೆಲಸ ಎಂದುಕೊಂಡಿರಲಿಲ್ಲ. ನಮ್ಮವನೊಬ್ಬನನ್ನು ನೋಡಲು ಡಾಕ್ಟರರ ಸಭೆಯೇ ಸೇರುತ್ತದಂತೆ! ಗುಡಿಯ ಪೂಜಾರಿ ಅಮೋಗಸಿದ್ಧ ಭಂಡಾರ ಹಿಡಿಹಿಡಿಯಾಗಿ ತೂರಿ, ಚೀಲದಲ್ಲೂ ಒಂದಿಷ್ಟು ಕಟ್ಟಿ ಸುಗಲಾಬಾಯಿಯ ಕೈಗಿತ್ತ. ರೈಲು ಹೋಟಗಿಯಲ್ಲಿ ನಿಂತಾಗ ಅಲ್ಲಿಯ ನೆಂಟರು ಕಿಟಕಿಯಿಂದ ಚಹಾ, ಶೇಂಗಾ, ಸಲಹೆ ಮೂರನ್ನೂ ಒಳಗೆ ತೂರಿಸಿದರು.

"ನೆಟ್ಟಗ ನಿಂದರಬ್ಯಾಡೋ ಮಾವಾ, ನರಳು!"

"ಹೊಟ್ಟಿ ಮುಂದ ಮಾಡು, ಮಾರಿ ಹಿಂದ ಮಾಡು!"

ಸೊಲ್ಲಾಪುರದಲ್ಲಿ ಇಳಿದವನ ಹಣೆಯ ಹಳದಿ ಹೆಚ್ಚೋ ಕಣ್ಣಿನ ಹಳದಿ ಹೆಚ್ಚೋ ಹೇಳುವಂತಿರಲಿಲ್ಲ. ಮೈಮೇಲೆ ಕಚೇರಿಯ ಕೆಂಪು ಪಟ್ಟಾ. ಉಬ್ಬಿದ ಹೊಟ್ಟೆಯನ್ನು ಅದರಿಂದಲೇ ಬಿಗಿಯಾಗಿ ಸುತ್ತಿ, ಉಸಿರು ಹಿಡಿದು ನಿಂತಿದ್ದ.

"ಕಾಕಾ, ಇವತ್ತ ಪಟ್ಟಾ ಯಾಕ?" ಎಂದೆ.

"ಸಾಹೇಬರ ಮುಂದ ಬರೇ ಮೈಲೆ ಹೋಗೂದ? ಏನ ಹೇಳ್ತೀರಿ ಅಕ್ಕಾರ!"

ದವಾಖಾನೆಯ ಅಂಗಳದಲ್ಲಿ ದೂರದೂರದ ತಾಲೂಕುಗಳ ನೌಕರರು ಕೂತಿದ್ದರು. ಕುರುಡಾಗುತ್ತಿದ್ದ ಊರಲೆಕ್ಕದ ತಲಾಠಿ, ಗೂರಲು ಮಾಸ್ತರ, ಕೈ ನಡುಗುವ ಪೊಲೀಸ. ಎಲ್ಲರಲ್ಲೂ ಪರೀಕ್ಷೆಯ ಮುಂಜಾನೆಯ ಗಡಿಬಿಡಿ. ಒಬ್ಬರ ಕಾಯಿಲೆ ನೋಡಿ ಇನ್ನೊಬ್ಬರಿಗೆ ತಮ್ಮದು ಸಾಕಷ್ಟಿಲ್ಲವೇನೋ ಎಂಬ ಚಿಂತೆ. ಮಧ್ಯಾಹ್ನದ ಊಟಕ್ಕೆ ಬೋರ್ಡು ಎದ್ದರೆ ಮತ್ತೆ ಕೂಡುವುದು ದೀಪಾವಳಿ ಕಳೆದ ಮೇಲೆ. ಖಂಡಪ್ಪನ ರಜೆ ಇದೇ ತಿಂಗಳು ಮುಗಿಯುತ್ತಿತ್ತು. ಇವತ್ತಾದರೆ ಆಯಿತು. ಸುಗಲಾಬಾಯಿ ಬಾಗಿಲಿನ ಮೇಲಿಟ್ಟ ಕಣ್ಣು ತೆಗೆಯದೆ ಮರದ ಕೆಳಗೆ ನನ್ನ ಪಕ್ಕ ಕುಳಿತಳು.

ಬಾಗಿಲಲ್ಲಿ ಹೆಸರು ಕೂಗಲು ನಿಂತಿದ್ದವನು ಅಲ್ಲಿಯ ಪಟ್ಟೇವಾಲಾ ಕಲ್ಲಣ್ಣ. ನೆಗಡಿಯಾಗಿ ಅವನ ಗಂಟಲು ಕಟ್ಟಿತ್ತು. ಮೊದಲ ಹೆಸರು ಕೂಗಿದ, ಬಾಗಿಲ ಪಕ್ಕದವರಿಗೂ ಕೇಳಲಿಲ್ಲ. ಖಂಡಪ್ಪ ಕೂತಲ್ಲೇ ಚಡಪಡಿಸಿದ. ಎರಡನೆಯ ಸಲಕ್ಕೆ ಎದ್ದೇಬಿಟ್ಟ.

"ತಮ್ಮಾ, ಇದೇನ ಪುಕಾರೇನೋ? ಮೊಲಿಗೂಸ ಮಲಗಸಾಕತ್ತಿ ಏನ?"

"ಗಂಟಲಾ ಬಿದ್ದದರಿ ಮಾಮಾ."

"ಬಿದ್ರ ಎತ್ತಬೇಕು. ಸರಿ ಅತ್ತಾಗ. ನೀ ಪಟ್ಟಿ ನೋಡಿ ಕಿವ್ಯಾಗ ಹೇಳು, ನಾ ಹೊರಗ ಹೇಳ್ತೀನಿ."

ಆಮೇಲೆ ನಡೆದದ್ದನ್ನು ಆ ದವಾಖಾನೆ ಅದಕ್ಕಿಂತ ಮುಂಚೆ ಕಂಡಿರಲಾರದು. ಖಂಡಪ್ಪ ಚೌಕಟ್ಟಿಗೆ ಬೆನ್ನು ಕೊಟ್ಟು, ಎಡಗೈಯಿಂದ ಪಟ್ಟಾ ಸರಿಮಾಡಿಕೊಂಡು, ತಲಾಠಿಯ ಹೆಸರನ್ನು ಆಕಾಶಕ್ಕೆ ಎತ್ತಿ ಹಿಡಿದು, "ಹಾಜರ್ ಹೈsss?" ಎಂದ. ಮರದ ಕಾಗೆಗಳು ಹಾರಿದವು. ಕುರುಡ ತಲಾಠಿ ಯಾರ ಕೈಯನ್ನೂ ಹಿಡಿಯದೆ ನೇರ ಬಾಗಿಲಿಗೇ ನಡೆದ. ಒಳಗಿನಿಂದ ಡಾಕ್ಟರರೊಬ್ಬರು, "ವಾಹ್, ಇವತ್ತ ಕೆಲಸ ಓಡಾಕತ್ತದ!" ಎಂದದ್ದು ನಮಗೂ ಕೇಳಿಸಿತು. ಜನ ಉತ್ಸಾಹದಿಂದ ಸಾಲಾದರು. ಒಬ್ಬ ಹೊರಗೆ ಬರುವುದರೊಳಗೆ ಇನ್ನೊಬ್ಬ ಹೊಸ್ತಿಲಲ್ಲಿ. ಖಂಡಪ್ಪ ಒಬ್ಬನಿಗೆ ಕುರ್ಚಿ ಎಳೆದುಕೊಟ್ಟ, ಒಬ್ಬನಿಗೆ ಚಪ್ಪಲಿ ಬಿಡಿಸಿದ, ಗೂರಲು ಮಾಸ್ತರನಿಗೆ, "ಈಗ ಕೆಮ್ಮಬ್ಯಾಡ್ರಿ, ಒಳಗ ಉಳಿಸಿಕೊಳ್ರಿ" ಎಂದು ಬುದ್ಧಿ ಹೇಳಿದ. ಅವನ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಕಳೆ ಬಂದಿತ್ತು.

ಪಟ್ಟಿಯಲ್ಲಿ ಮೂರನೆಯ ಹೆಸರು ಅವನದೇ. ಕಲ್ಲಣ್ಣ ಕಿವಿಯಲ್ಲಿ ಅದನ್ನು ಹೇಳಿದಾಗ ಖಂಡಪ್ಪ, "ಅದ ಇರಲಿ, ಮುಂದಿಂದ ಹೇಳು" ಎಂದನಂತೆ. ಬಾಗಿಲಲ್ಲಿ ನಿಂತವನು ತನ್ನನ್ನು ಮೊದಲು ಕರೆದುಕೊಳ್ಳುವುದು ಯಾವ ಕಚೇರಿಯ ರೀತಿ?

ಸೂರ್ಯ ನೆತ್ತಿಗೆ ಬಂದ. ಅಂಗಳ ಖಾಲಿಯಾಗುತ್ತ ಬಂತು. ಸುಗಲಾಬಾಯಿಗೆ ತಡೆಯಲಿಲ್ಲ. ಎದ್ದುಹೋಗಿ ಅವನ ಪಟ್ಟಾದ ತುದಿ ಜಗ್ಗಿದಳು.

"ಮಂದೀನ ಕರಕೋಂತ ನಿಂದರವ್ರ, ನಿಮ್ಮ ಪಾಳಿ ಯಾವಾಗರಿ?"

"ಬರ್ತದ, ಬರ್ತದ. ಸುಮ್ಮ ಕುಂದರು."

"ಎಲ್ಲಾರೂ ಹೋಗಿ ಬಂದ್ರು. ಅಂಜಾಕತ್ತೀರೇನು?"

ಖಂಡಪ್ಪ ಅತ್ತಿತ್ತ ನೋಡಿ, ದನಿ ತಗ್ಗಿಸಿ ಅಂದ. ದನಿ ತಗ್ಗಿಸುವ ಅಭ್ಯಾಸವಿಲ್ಲದ್ದರಿಂದ ಮರದ ಕೆಳಗಿದ್ದ ನನಗೂ ಕೇಳಿಸಿತು.

"ಒಳಗ ಹೋದ್ರ ಪಟ್ಟಾ ಬಿಚ್ಚು ಅಂತಾರ, ಹುಚ್ಚಿ. ಒಮ್ಮಿ ಬಿಚ್ಚಿದ್ದ ಮತ್ತ ಕಟ್ಟಾಂಗಿಲ್ಲ."

ಸುಗಲಾಬಾಯಿ ಮರದ ಕೆಳಗೆ ಬಂದು ಕುಳಿತಳು. ಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

ಕೊನೆಯ ಪೊಲೀಸನೂ ಹೊರಬಂದ. ಕಲ್ಲಣ್ಣ ಪಟ್ಟಿ ಹಿಡಿದುಕೊಂಡೇ ಗಂಟಲಿಗೆ ಬಿಸಿ ಚಹಾ ಹುಡುಕಿಕೊಂಡು ಹೋದ. ಒಳಗೆ ಕುರ್ಚಿಗಳು ಸರಿದ ಸಪ್ಪಳ. ಬೋರ್ಡಿನ ಹಿರಿಯ ಡಾಕ್ಟರರು, ಬೆಳ್ಳಿಕೂದಲಿನವರು, ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಹಿಂದೆ ಒಬ್ಬ ಎಳೆಯ ಡಾಕ್ಟರ, ಕೊರಳಲ್ಲಿ ಸ್ಟೆತಸ್ಕೋಪ್ ಇನ್ನೂ ಹೊಸದು. ಖಂಡಪ್ಪ ಪರದೆಯನ್ನು ಎತ್ತಿಹಿಡಿದು ಸಲಾಮು ಹೊಡೆದ.

"ಶಾಬ್ಬಾಸ್. ಏನ ದನೀಪಾ ನಿಂದು!" ಎಂದರು ಹಿರಿಯರು. "ಮತ್ತ ಯಾರರೆ ಉಳದಾರೇನು?"

ಖಂಡಪ್ಪನ ಬಾಯಿ ತೆರೆಯಿತು. ಇಪ್ಪತ್ತು ವರ್ಷ ಅಂಗಳ ನಡುಗಿಸಿದ ಬಾಯಿ ತೆರೆದೇ ಇತ್ತು, ಏನೂ ಹೊರಡಲಿಲ್ಲ. ಕೊನೆಗೆ ತಲೆಯಾಡಿಸಿದ. ಇಲ್ಲ ಎಂದು.

ಡಾಕ್ಟರರು ಮೆಟ್ಟಿಲಿಗೆ ಕಾಲಿಟ್ಟರು. ಅವರ ಮೋಟಾರು ಗುರುಗುಟ್ಟುತ್ತಿತ್ತು. ನಾನು ಗಾಬರಿಯಲ್ಲಿ ಎದ್ದು, ಸಿಸ್ಟರುಗಳು ಕಲಿಸಿದ್ದರಲ್ಲಿ ಯಾವ ವಾಕ್ಯದಿಂದ ಶುರು ಮಾಡಲಿ ಎಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಸುಗಲಾಬಾಯಿ ನಿಂತಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು. ಅವಳು ಕಣ್ಣು ಮುಚ್ಚಿಕೊಂಡಳು, ಎದೆ ತುಂಬ ಉಸಿರೆಳೆದಳು.

"ಹನ್ನೂರ ಖಂಡಪ್ಪ ಹಾಜರ್ ಹೈsss?"

ಅಂಗಳದಲ್ಲಿದ್ದ ಹೆಂಗಸರು ಬಾಯಿಗೆ ಕೈ ಹಚ್ಚಿದರು. ಎರಡನೆಯದು ಮೊದಲಿನದಕ್ಕಿಂತ ಎತ್ತರ. ಮೂರನೆಯದು, ಆಣೆಯಿಟ್ಟು ಹೇಳುತ್ತೇನೆ, ಗಂಡನದಕ್ಕಿಂತ ಎತ್ತರ. ಅದೂ ಕುರಿಯವರ ಮನೆಯ ಕೊರಳೇ ಅಲ್ಲವೇ.

ಡಾಕ್ಟರರು ಮೆಟ್ಟಿಲ ಮೇಲೆ ನಿಂತರು. ಖಂಡಪ್ಪ ಪರದೆ ಬಿಟ್ಟ. ಊರೂರಿನವರನ್ನು ಕರೆದವನನ್ನು ಅಲ್ಲಿಯವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಬಗಲಿಗೆ ಕೈಯಿಳಿಸಿ, ನೆಟ್ಟಗೆ ನಿಂತು, "ಹಾಜರ್!" ಎಂದ.

"ಏನಂತಿ? ನೀ ಪಟ್ಟೇವಾಲಾನೋ ಪೇಶಂಟೋ?" ಎಂದರು ಹಿರಿಯರು.

"ಎರಡೂ ಹೌದರಿ, ಸಾಹೇಬ್ರ" ಎಂದಳು ಸುಗಲಾಬಾಯಿ, ಮೆಟ್ಟಿಲ ಹತ್ತಿರ ಓಡಿಬಂದು. "ಇಷ್ಟೊತ್ತ ಒಂದು, ಈಗಿಂದ ಇನ್ನೊಂದು. ಒಳಗ ಕರಕೊಂಡ ನೋಡ್ರಿ ಎಪ್ಪಾ."

ಎಳೆಯ ಡಾಕ್ಟರ ನಕ್ಕ. "ಮುಂಜಾನಿಂದ ನಿಂತ ಒದರಾಕತ್ತಾನ. ಇವಗ ಪೆನ್ಶನ್ ಬೇಕಂತ! ನಮ್ಮೆಲ್ಲಾರಕ್ಕಿಂತ ಗಟ್ಟಿ ಅದಾನ."

"ಪಟ್ಟಾ ಬಿಚ್ಚರಿ" ಎಂದಳು ಸುಗಲಾಬಾಯಿ ಗಂಡನಿಗೆ.

ಅವನು ಬಿಚ್ಚಲಿಲ್ಲ. ಅವಳೇ ಬಿಲ್ಲೆ ತೆಗೆದು, ಒಂದೊಂದೇ ಸುತ್ತು ಬಿಡಿಸಿದಳು. ಕೊನೆಯ ಸುತ್ತು ಬಿಟ್ಟದ್ದೇ ಹೊಟ್ಟೆ ಮುಂದಕ್ಕೆ ಬಂದು ನಿಂತಿತು, ನೀರಿನ ಹರವಿಯ ಹಾಗೆ, ಅಂಗಿ ಸರಿದಲ್ಲೆಲ್ಲ ನೀಲಿ ನರಗಳ ಜಾಲ. ಆವರೆಗೆ ಹಿಡಿದಿಟ್ಟ ಉಸಿರೂ ಬಿಟ್ಟುಹೋಯಿತು. ಖಂಡಪ್ಪ ಹೊಸ್ತಿಲ ಮೇಲೇ ಕುಸಿದು ಕುಳಿತ. ನಗುತ್ತಿದ್ದ ಎಳೆಯ ಡಾಕ್ಟರ ಎಲ್ಲರಿಗಿಂತ ಮೊದಲು ಬಗ್ಗಿ ಅವನ ನಾಡಿ ಹಿಡಿದ. ಹಿರಿಯರು ಮೋಟಾರಿನವನಿಗೆ ಕೈಬೀಸಿ ಎಂಜಿನ್ ನಿಲ್ಲಿಸಲು ಹೇಳಿದರು.

ಒಳಗೆ ಒತ್ತಿದರು, ತಟ್ಟಿದರು, ಮಗ್ಗುಲಾಗಿಸಿದರು. ಕೆಲಸ ಆಗದೆನ್ನುವುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಉಳಿದದ್ದು ಆ ಕೊಕ್ಕೆ. ಕೈ ತೊಳೆದುಕೊಂಡ ಎಳೆಯ ಡಾಕ್ಟರ ಕೇಳಿಯೇಬಿಟ್ಟ.

"ದಾರೂ ಕುಡೀತಿದ್ದಿ ಏನು? ಖರೆ ಹೇಳು."

ಸುಗಲಾಬಾಯಿ ಅಷ್ಟರಲ್ಲಿ ಚೀಲ ಬಿಚ್ಚಿದ್ದಳು. ಖಂಡಪ್ಪನ ಅಂಗೈಯಲ್ಲಿ ಭಂಡಾರ ಸುರಿದಳು. ಮಲಗಿದಲ್ಲೇ ಅವನು ಕೈಯೆತ್ತಿದ.

"ಬೀರೋಬನ ಮ್ಯಾಲ ಆಣಿ. ಕೋಣಿ ಕಾದೀನಿ, ಬಾಟಲಿ ಮುಟ್ಟಿಲ್ಲ."

"ಸರ್, ಅರಿಶಿಣದ ಮ್ಯಾಲೆ ಸರಕಾರಿ ಕಾಗದ ಹೆಂಗ ಬರಿಯೂದು?" ಎಂದ ಎಳೆಯವನು.

ಭಂಡಾರ ಕಂಡದ್ದೇ ಹಿರಿಯರ ಕಾಲು ತಂತಾನೇ ಬೂಟು ಕಳಚುತ್ತಿತ್ತು. ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡರು.

"ನಮ್ಮ ಮನಿದೇವರು ಜೇಜೂರಿ. ಭಂಡಾರ ಎತ್ತಿ ಸುಳ್ಳ ಹೇಳಿದವನ್ನ ನಮ್ಮ ಅಜ್ಜನೂ ಕಂಡಿದ್ದಿಲ್ಲ." ಮತ್ತೆ ಸುಗಲಾಬಾಯಿಯ ಕಡೆ ತಿರುಗಿದರು. "ತಂಗಿ, ಇವಗ ಹಿಂದ ಯಾವಾಗರೆ ಕಾಮಾಲಿ ಆಗಿತ್ತೇನು?"

"ಆಗಿತ್ತಲ್ರಿ! ಬಾವಿ ನೀರ ಕೆಟ್ಟ ವರ್ಷ ನಮ್ಮ ಓಣಿಗೆಲ್ಲಾ ಬಂದಿತ್ತು. ಉಳದವ್ರ ಎದ್ರು, ಇವ್ರ ಮೂರ ತಿಂಗಳ ಹಾಸಗಿ ಬಿಡಲಿಲ್ಲ. ಕುಡದದ್ದ ಖರೇರಿ, ಬಾವಿ ನೀರ ಕುಡದದ್ದು!"

ಹಿರಿಯರು ಎಳೆಯ ಡಾಕ್ಟರನ ಕಡೆ ನೋಡಿದರು. ಅವನು ಆ ಹೊಟ್ಟೆಯನ್ನೂ ಆ ಹೆಂಗಸನ್ನೂ ನೋಡಿ, ತಾನೇ ಪೆನ್ನು ತೆಗೆದುಕೊಟ್ಟ. ಕಾಮಾಲೆಯಿಂದ ಕೆಟ್ಟ ಲಿವರ್, ಕುಡಿತದಿಂದಲ್ಲ, ಇನ್ನು ಯಾವ ನೌಕರಿಗೂ ಒಗ್ಗದು. ಇಬ್ಬರೂ ಸಹಿ ಮಾಡಿದರು. ಕಾಗದದ ಮೂಲೆಗೆ ಭಂಡಾರದ ಹಳದಿ ಬೆರಳಿನ ಗುರುತು ಬಿತ್ತು. ಅದನ್ನು ಯಾರೂ ಒರೆಸಲಿಲ್ಲ.

ಟಾಂಗಾದಲ್ಲಿ ಸ್ಟೇಶನ್ನಿಗೆ ಹೊರಟಾಗ ಸುಗಲಾಬಾಯಿ ಪೂರ್ತಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಮಡಿಚಿದ ಪಟ್ಟಾ ಅವಳ ಮಡಿಲಲ್ಲಿತ್ತು.

"ಏ, ಇನ್ನೊಮ್ಮಿ ಕರಿ ನೋಡೂಣು" ಎಂದ ಖಂಡಪ್ಪ. ಹೊಟ್ಟೆ ಸಡಿಲಾಗಿ, ಮಾತೂ ಸಡಿಲಾಗಿತ್ತು.

"ಹೋಗ್ರಿ ಅತ್ತಾಗ."

"ಎರಡನೇದ ಚಲೋ ಇತ್ತು. ಮೂರನೇದ್ದಕ್ಕ ಇನ್ನೂ ಎಳೀಬೇಕಾಗಿತ್ತು."

"ಸರಕಾರ ಪೆನ್ಶನ್ ಕೊಟ್ಟೈತಿ, ನಾ ಪುಕಾರ ಕೊಟ್ಟೀನಿ. ಇನ್ನ ಸಾಯೂತನಕ ನನ್ನ ಬಾಯಾಗ ನಿಮ್ಮ ಹೆಸರ ಬರಾಂಗಿಲ್ಲ, ಹೇಳಿರ್ತೀನಿ."

ಹಾಗೆಯೇ ನಡೆದುಕೊಂಡಳು. ಕೆಂಪು ಪಲ್ಯ, ಇಪ್ಪತ್ತು ಕೊಳಗ ಎಲ್ಲ ಮೊದಲಿನ ಹಾಗೆ.

ತಿಂಗಳಿಗೊಮ್ಮೆ ಅಕ್ಕಲಕೋಟದ ಅದೇ ಕಚೇರಿಯ ಖಜಾನೆಯಲ್ಲಿ ಪೆನ್ಶನ್ನಿನವರನ್ನು ಕರೆದು ಕೊಡುತ್ತಿದ್ದರು. ಅಲ್ಲಿಗೆ ಹೊಸದಾಗಿ ಬಂದ ಪಟ್ಟೇವಾಲಾ ಬಾಗಿಲಲ್ಲಿ ಬೀಡಿ ಸೇದುತ್ತ, "ಖಂಡಪ್ಪ ಅದಾನೇನೋ" ಎನ್ನುತ್ತಿದ್ದ. ಖಂಡಪ್ಪ ಎದುರಿಗೇ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಮೊದಲ ಸಲ ಕರೆದರೆ ಆಕಾಶ ನೋಡುತ್ತಿದ್ದ. ಎರಡನೆಯ ಸಲಕ್ಕೆ ಕೋಲಿನಿಂದ ನೆಲ ಗೀರುತ್ತಿದ್ದ. ಪಟ್ಟೇವಾಲಾ ಬೀಡಿ ಎಸೆದು, ಗಂಟಲು ಸರಿಮಾಡಿಕೊಂಡು, ಚಹದ ಅಂಗಡಿಗೂ ಕೇಳುವಂತೆ "ಹಾಜರ್ ಹೈsss" ಎಂದು ಎಳೆದ ಮೇಲಷ್ಟೇ ಎದ್ದು ಹೊರಡುತ್ತಿದ್ದ.

ಬೇವಿನ ಮರದ ಕೆಳಗೆ ಸುಗಲಾಬಾಯಿ ಸೆರಗು ಕಚ್ಚಿಕೊಂಡು ನಗು ತಡೆಯುತ್ತಿದ್ದಳು.